ಅಪ್‌ಡೇಟ್ ಆದ ಮೇಲೆ ಆಫೀಸಿನ ಕಂಪ್ಯೂಟರ್ ದೂರದಿಂದ ಸಿಗದಿದ್ದರೆ

ವಿಂಡೋಸ್‌ನ ಭದ್ರತಾ ಅಪ್‌ಡೇಟ್‌ಗಳು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆಯಾಗುತ್ತವೆ. ಬಿಡುಗಡೆಯ ಹೊತ್ತು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ 10 ಗಂಟೆ, ಆಗ ನಮ್ಮಲ್ಲಿ ರಾತ್ರಿ ಹತ್ತೂವರೆ, ಅಲ್ಲಿನ ಚಳಿಗಾಲದಲ್ಲಾದರೆ ಹನ್ನೊಂದೂವರೆ. ಹಾಗಾಗಿ ಬದಿಯಡ್ಕದ ಸೊಸೈಟಿಯಲ್ಲೋ ಕುಂಬಳೆಯ ಅಡಿಕೆ ಅಂಗಡಿಯಲ್ಲೋ ರಾತ್ರಿಯಿಡೀ ಆನ್ ಇರುವ ಕಂಪ್ಯೂಟರ್ ಬುಧವಾರ, ಗುರುವಾರದ ಹೊತ್ತಿಗೆ ತಾನಾಗಿ ರೀಸ್ಟಾರ್ಟ್ ಆಗಿರುತ್ತದೆ. ಮಂಗಳೂರಿನಲ್ಲಿ ಕುಳಿತು, ವಿಂಡೋಸ್‌ನದೇ ‘ರಿಮೋಟ್ ಡೆಸ್ಕ್‌ಟಾಪ್’ ಸೌಲಭ್ಯದಿಂದಲೋ ಎನಿಡೆಸ್ಕ್‌ನಂಥ ಆ್ಯಪ್‌ನಿಂದಲೋ ಅದರಲ್ಲಿ ಟ್ಯಾಲಿ ತೆರೆಯುವವರಿಗೆ ಬೆಳಿಗ್ಗೆ ಸಂಪರ್ಕ ಸಿಗುವುದಿಲ್ಲ.

ಆಗ ಹೆಚ್ಚಿನವರು ಮೊದಲು ಮಾಡುವುದು ಅಪ್‌ಡೇಟ್ ತೆಗೆದುಹಾಕುವ ಕೆಲಸ. ಅದು ಕಟ್ಟಕಡೆಗೆ ಮಾಡಬೇಕಾದದ್ದು. ತೊಂದರೆ ಬಹುಪಾಲು ಅಪ್‌ಡೇಟಿನ ದೋಷದಿಂದ ಬರುವುದಿಲ್ಲ. ರೀಸ್ಟಾರ್ಟ್‌ನಿಂದ ಏನೋ ಬದಲಾಗಿರುತ್ತದೆ, ಇಲ್ಲವೇ ಎರಡು ಕಂಪ್ಯೂಟರ್‌ಗಳ ಪೈಕಿ ಒಂದು ಹೊಸದಾಗಿ ಇನ್ನೊಂದು ಹಳತಾಗಿಯೇ ಉಳಿದಿರುತ್ತದೆ. ಸರಿಮಾಡಬೇಕಾದದ್ದು ಹಿಂದೆ ಉಳಿದ ಕಂಪ್ಯೂಟರನ್ನು.

ಮೊದಲು ಒಂದು ಫೋನ್

ಸೆಟ್ಟಿಂಗ್ ಮುಟ್ಟುವ ಮೊದಲು ಅಲ್ಲಿರುವವರಿಗೆ ಫೋನ್ ಮಾಡಿ, ಪರದೆಯ ಫೋಟೊ ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳಿ. ಅಪ್‌ಡೇಟ್ ಇನ್ನೂ ಮುಗಿಯದೆ ಶೇಕಡಾ ಲೆಕ್ಕ ಕಾಣುತ್ತಿದ್ದರೆ ಕಾಯಬೇಕು. ಆ ಹೊತ್ತಿನಲ್ಲಿ ಸ್ವಿಚ್ ಆಫ್ ಮಾಡಬಾರದು. ನೀಲಿ ಪರದೆಯಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ) ರಿಕವರಿ ಕೀ ಕೇಳುತ್ತಿದ್ದರೆ ದೂರದಿಂದ ಏನು ಮಾಡಿದರೂ ಆಗದು. ಪರದೆಯಲ್ಲಿರುವ ಕೀ ಐಡಿಯ ಮೊದಲ 8 ಅಕ್ಷರ ನೋಡಿ, ಆ ಕಂಪ್ಯೂಟರಿನ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದೇ ಐಡಿಯ ಮುಂದಿರುವ 48 ಅಂಕಿಗಳ ಕೀ ಹುಡುಕಿ, ಫೋನಿನಲ್ಲಿ ಓದಿ ಹೇಳಿ ಟೈಪ್ ಮಾಡಿಸಬೇಕು. ಈ ಕೀಯನ್ನು ಇಂದೇ ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಟ್ಟುಬಿಡಿ. ಅದು ಕಳೆದುಹೋದರೆ ಡಿಸ್ಕಿನಲ್ಲಿರುವ ಲೆಕ್ಕಪತ್ರವೆಲ್ಲ ಹೋದಂತೆಯೇ.

ಲಾಗಿನ್ ಪರದೆ ಬಂದು ನಿಂತಿದೆ, ಆದರೆ ಎನಿಡೆಸ್ಕ್ ಸಿಗುತ್ತಿಲ್ಲ ಎಂದಾದರೆ ಅದನ್ನು ಇನ್‌ಸ್ಟಾಲ್ ಮಾಡದೆ, ಡೌನ್‌ಲೋಡ್ ಮಾಡಿದ ಫೈಲಿನಿಂದಲೇ ನಡೆಸುತ್ತಿದ್ದಿರಬಹುದು. ಹಾಗೆ ನಡೆಸಿದ್ದು ರೀಸ್ಟಾರ್ಟ್ ಆದ ಮೇಲೆ ತಾನಾಗಿ ಏಳುವುದಿಲ್ಲ. ಇನ್‌ಸ್ಟಾಲ್ ಮಾಡಿ, ಅನ್‌ಅಟೆಂಡೆಡ್ ಆಕ್ಸೆಸ್‌ಗೆ (ಅಲ್ಲಿ ಯಾರೂ ಒಪ್ಪಿಗೆ ಒತ್ತದೆಯೇ ಸೇರುವುದಕ್ಕೆ) ಗಟ್ಟಿಯಾದ ಪಾಸ್‌ವರ್ಡ್ ಕೊಡಿ.

ಐಪಿ ಬದಲಾಗಿದೆಯೇ?

ಇದು ನಮ್ಮ ಕಡೆ ಮಳೆಗಾಲದಲ್ಲಿ ತುಂಬ ಸಾಮಾನ್ಯ. ಸಿಡಿಲಿಗೆ ಹೆದರಿ ರೂಟರಿನ ಪ್ಲಗ್ ಕಿತ್ತಿಡುತ್ತಾರೆ, ಕರೆಂಟು ಹೋಗಿ ಬರುತ್ತದೆ, ನಡುವೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ರೂಟರ್ ಅದಕ್ಕೆ ಹಿಂದಿನ ಐಪಿ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ) ಬಿಟ್ಟು ಬೇರೊಂದನ್ನು ಕೊಡುತ್ತದೆ. ನೀವು ಉಳಿಸಿಟ್ಟದ್ದು 192.168.1.5 ಆಗಿದ್ದರೆ ಈಗ ಅದು 192.168.1.9 ಆಗಿರಬಹುದು. ರೂಟರಿನಲ್ಲಿ ಐಪಿ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಆ ಕಂಪ್ಯೂಟರಿನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಒಂದು ಐಪಿಯನ್ನು ಖಾಯಂ ಮಾಡಿಟ್ಟರೆ ಈ ತೊಂದರೆ ಮರುಕಳಿಸದು. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್), ಕರೆಂಟು ಬಂದ ಕೂಡಲೇ ಕಂಪ್ಯೂಟರ್ ತಾನಾಗಿ ಆನ್ ಆಗುವ ಆಯ್ಕೆಯಿದ್ದರೆ ಅದನ್ನೂ ಹಾಕಿಡಿ. ಕಂಪ್ಯೂಟರ್ ಸ್ಲೀಪ್‌ಗೆ ಹೋಗದಂತೆ ಪವರ್ ಸೆಟ್ಟಿಂಗಿನಲ್ಲಿ ‘ನೆವರ್’ ಇರಲಿ.

ಪಿಂಗ್ ಮಾಡಿ (ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ನೋಡುವ ಆದೇಶ) ಉತ್ತರ ಬರಲಿಲ್ಲವೆಂದು ಕಂಪ್ಯೂಟರ್ ಸತ್ತಿದೆ ಎಂದುಕೊಳ್ಳಬೇಡಿ. ಫೈರ್‌ವಾಲ್ ಪಿಂಗನ್ನು ತಡೆದು ರಿಮೋಟ್ ಡೆಸ್ಕ್‌ಟಾಪನ್ನು ಮಾತ್ರ ಬಿಟ್ಟಿರಬಹುದು. ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಆದೇಶಕ್ಕೆ ಆ ಐಪಿಯನ್ನೂ ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲಾದ ಪೋರ್ಟ್ 3389 ಅನ್ನೂ ಕೊಟ್ಟು ನೋಡಿ. ಕೊನೆಯ ಸಾಲಿನಲ್ಲಿ ‘ಟ್ರೂ’ ಬಂದರೆ ದಾರಿ ತೆರೆದಿದೆ, ತೊಂದರೆ ಲಾಗಿನ್‌ನಲ್ಲಿದೆ. ‘ಫಾಲ್ಸ್’ ಬಂದರೆ ಮುಂದಿನದನ್ನು ನೋಡಿ.

ಪಬ್ಲಿಕ್ ಆಗಿಬಿಟ್ಟ ನೆಟ್‌ವರ್ಕ್

ಅಪ್‌ಡೇಟ್ ಅಥವಾ ಹೊಸ ಡ್ರೈವರ್ ಬಂದಾಗ ವಿಂಡೋಸ್ ಕೆಲವೊಮ್ಮೆ ಅದೇ ಆಫೀಸಿನ ನೆಟ್‌ವರ್ಕನ್ನು ಹೊಸದೆಂದು ತಿಳಿದು ‘ಪಬ್ಲಿಕ್’ ಪಟ್ಟಿಗೆ ಸೇರಿಸುತ್ತದೆ. ಆಗ ‘ಪ್ರೈವೇಟ್’ಗೆ ಮಾತ್ರ ಕೊಟ್ಟಿದ್ದ ಅನುಮತಿಗಳು ಅನ್ವಯಿಸುವುದಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಈಥರ್ನೆಟ್ ಅಥವಾ ವೈಫೈ ತೆರೆದು ‘ಪ್ರೈವೇಟ್’ ಆರಿಸಿ. ಸೆಟ್ಟಿಂಗ್ಸ್, ಸಿಸ್ಟಂ, ರಿಮೋಟ್ ಡೆಸ್ಕ್‌ಟಾಪ್‌ಗೆ ಹೋಗಿ ಸ್ವಿಚ್ ಆನ್ ಇದೆಯೇ ನೋಡಿ. ಫೈರ್‌ವಾಲ್‌ನಲ್ಲಿ ಅನುಮತಿ ಇರುವ ಆ್ಯಪ್‌ಗಳ ಪಟ್ಟಿಯಲ್ಲಿ ‘ರಿಮೋಟ್ ಡೆಸ್ಕ್‌ಟಾಪ್’ ಎದುರು ಪ್ರೈವೇಟ್ ಕಾಲಂನಲ್ಲಿ ಟಿಕ್ ಇರಬೇಕು. ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸಿನ ನೆಟ್‌ವರ್ಕಿಗೆ ಹೋಗುವ ಭದ್ರವಾದ ದಾರಿ) ಬಳಸುವವರು ಅದರ ಅಡಾಪ್ಟರ್ ಯಾವ ಪಟ್ಟಿಯಲ್ಲಿದೆ ಎಂಬುದನ್ನು ಬೇರೆಯಾಗಿ ನೋಡಬೇಕು. ಈಥರ್ನೆಟ್ ಪ್ರೈವೇಟ್ ಆಗಿದ್ದು ವಿಪಿಎನ್ ಪಬ್ಲಿಕ್ ಆಗಿರುವುದುಂಟು. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ಅದಕ್ಕೆ ತನ್ನದೇ ಫೈರ್‌ವಾಲ್ ಇರುತ್ತದೆ, ಅದನ್ನು ಮರೆಯಬೇಡಿ.

ಇದೆಲ್ಲ ಸರಿಯಿದ್ದೂ ಸಿಗದಿದ್ದರೆ ಸರ್ವಿಸಸ್ ತೆರೆದು ‘ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್’ ನಡೆಯುತ್ತಿದೆಯೇ ನೋಡಿ, ಒಮ್ಮೆ ರೀಸ್ಟಾರ್ಟ್ ಮಾಡಿ.

‘ಕ್ರೆಡ್‌ಎಸ್‌ಎಸ್‌ಪಿ’ ಎಂಬ ದೋಷ

ದಾರಿ ತೆರೆದಿದೆ, ಪಾಸ್‌ವರ್ಡೂ ಸರಿ, ಆದರೂ ‘ಎನ್‌ಕ್ರಿಪ್ಷನ್ ಒರಾಕಲ್ ರೆಮಿಡಿಯೇಷನ್’ ಎಂಬ ಮಾತಿರುವ ಸಂದೇಶ ಬಂದರೆ ಇದರ ಹಿನ್ನೆಲೆ ತಿಳಿದಿರಬೇಕು. ಪಾಸ್‌ವರ್ಡನ್ನು ಆ ಕಡೆಗೆ ದಾಟಿಸುವ ಕ್ರೆಡ್‌ಎಸ್‌ಎಸ್‌ಪಿ ವ್ಯವಸ್ಥೆಯಲ್ಲಿ ಒಂದು ಬಿರುಕು ಪತ್ತೆಯಾಗಿ, 2018ರ ಮಾರ್ಚ್‌ನಲ್ಲಿ ಅದಕ್ಕೆ ತೇಪೆ ಬಂತು. ಅದೇ ವರ್ಷದ ಮೇ ತಿಂಗಳ ಅಪ್‌ಡೇಟ್‌ನಿಂದ, ತೇಪೆ ಹಾಕಿಕೊಂಡ ಕಂಪ್ಯೂಟರ್ ತೇಪೆ ಇಲ್ಲದ ಕಂಪ್ಯೂಟರಿಗೆ ಲಾಗಿನ್ ಆಗಲು ಒಪ್ಪುವುದಿಲ್ಲ. ಎದುರು ದಿಕ್ಕಿನಲ್ಲಿ ಈ ತಡೆ ಇಲ್ಲ. ಅಂದರೆ ಈ ಸಂದೇಶ ಕಂಡರೆ ನಿಮ್ಮ ಲ್ಯಾಪ್‌ಟಾಪ್ ಸರಿಯಾಗಿದೆ, ಆಫೀಸಿನ ಕಂಪ್ಯೂಟರಿಗೆ ವರ್ಷಗಟ್ಟಲೆಯಿಂದ ಅಪ್‌ಡೇಟ್ ಆಗಿಲ್ಲ. ಯಾರನ್ನಾದರೂ ಅದರ ಎದುರು ಕೂರಿಸಿ ಅಪ್‌ಡೇಟ್ ಮಾಡಿಸಿ.

ಬಹಳ ಅವಸರವಿದ್ದರೆ ನಿಮ್ಮ ಲ್ಯಾಪ್‌ಟಾಪಿನ ಗ್ರೂಪ್ ಪಾಲಿಸಿಯಲ್ಲಿ (ವಿಂಡೋಸ್‌ನ ಒಳಗಿನ ನಿಯಮಗಳನ್ನು ಬದಲಿಸುವ ಪುಟ) ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಂ, ಕ್ರೆಡೆನ್ಶಿಯಲ್ಸ್ ಡೆಲಿಗೇಷನ್ ತೆರೆದು, ‘ಎನ್‌ಕ್ರಿಪ್ಷನ್ ಒರಾಕಲ್ ರೆಮಿಡಿಯೇಷನ್’ ಅನ್ನು ‘ವಲ್ನರಬಲ್’ ಎಂದು ಇಟ್ಟು ಒಳಹೋಗಬಹುದು. ಒಳಹೋಗಿ ಮಾಡಬೇಕಾದ ಮೊದಲ ಕೆಲಸ ಆ ಕಂಪ್ಯೂಟರಿನ ಅಪ್‌ಡೇಟ್. ಮುಗಿದ ಕೂಡಲೇ ಈ ಸೆಟ್ಟಿಂಗನ್ನು ಹಿಂದಿನಂತೆ ಮಾಡಿ. ಹಾಗೆಯೇ ಬಿಟ್ಟರೆ ಬೇರೆ ಯಾವ ಕಂಪ್ಯೂಟರಿಗೆ ಸೇರಿದರೂ ನಿಮ್ಮ ಪಾಸ್‌ವರ್ಡಿಗೆ ಆ ರಕ್ಷಣೆ ಇರುವುದಿಲ್ಲ. ಅಲ್ಲಿರುವುದು ವಿಂಡೋಸ್ 7 ಆದರೆ ಅದರ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ವಿಂಡೋಸ್ 10ರದ್ದೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಣದ ಲೆಕ್ಕ ಇಡುವ ಕಂಪ್ಯೂಟರನ್ನು ಈ ಸ್ಥಿತಿಯಲ್ಲಿ ದೂರದಿಂದ ಬಳಸಬಾರದು.

ಪಾಸ್‌ವರ್ಡ್ ಸರಿಯಿದ್ದೂ ತಪ್ಪೆಂದರೆ

ರಿಮೋಟ್ ಡೆಸ್ಕ್‌ಟಾಪ್‌ಗೆ ಪಿನ್ ನಡೆಯದು, ಪಾಸ್‌ವರ್ಡೇ ಬೇಕು. ಮೈಕ್ರೋಸಾಫ್ಟ್ ಖಾತೆಗೆ ಬರೀ ಪಿನ್ ಹಾಕಿ ಒಳಹೋಗುತ್ತಿದ್ದ ಕಂಪ್ಯೂಟರಾದರೆ, ಸೈನ್-ಇನ್ ಆಯ್ಕೆಗಳಲ್ಲಿ ‘ವಿಂಡೋಸ್ ಹಲೋ ಮಾತ್ರ’ ಎಂಬರ್ಥದ ಸ್ವಿಚ್ಚನ್ನು ಆಫ್ ಮಾಡಿ, ಆ ಕಂಪ್ಯೂಟರಿನ ಎದುರೇ ಕುಳಿತು ಒಮ್ಮೆ ಪಾಸ್‌ವರ್ಡ್ ಹಾಕಿ ಒಳಹೋಗಬೇಕು. ಆಮೇಲೆ ದೂರದಿಂದಲೂ ಆಗುತ್ತದೆ.

ಕಾಸರಗೋಡಿನ ಕಂಪ್ಯೂಟರ್‌ಗಳಲ್ಲಿ ಇನ್ನೊಂದು ತೊಡಕು ಇದೆ. ಇಂಗ್ಲಿಷ್, ಕನ್ನಡ, ಮಲಯಾಳಂ ಮೂರೂ ಕೀಬೋರ್ಡ್ ಇರುತ್ತವೆ. ಅರ್ಜಿ ಮಲಯಾಳದಲ್ಲಿ, ಪತ್ರ ಕನ್ನಡದಲ್ಲಿ. ಪಾಸ್‌ವರ್ಡ್ ಹಾಕುವಾಗ ಚುಕ್ಕಿಗಳಷ್ಟೇ ಕಾಣುವುದರಿಂದ ಯಾವ ಲಿಪಿ ಬೀಳುತ್ತಿದೆ ಎಂದು ತಿಳಿಯುವುದಿಲ್ಲ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಕಣ್ಣಿನ ಗುರುತಿದ್ದರೆ ಒತ್ತಿ ನೋಡಿ. ನಾಲ್ಕಾರು ಸಲ ತಪ್ಪು ಹಾಕಿ ಖಾತೆಯನ್ನು ಲಾಕ್ ಮಾಡಿಕೊಳ್ಳುವ ಮೊದಲೇ ಇದನ್ನು ನೋಡುವುದು ಒಳ್ಳೆಯದು.

‘ಇಂಟರ್ನಲ್ ಎರರ್’ ಬಂದು ನಿಂತರೆ ಸರ್ಟಿಫಿಕೇಟ್ ಮೇಲೆ ಅನುಮಾನಪಡಿ. ಆಫೀಸಿನ ಕಂಪ್ಯೂಟರಿನ ಸರ್ಟಿಫಿಕೇಟ್ ಪಟ್ಟಿಯಲ್ಲಿ ‘ರಿಮೋಟ್ ಡೆಸ್ಕ್‌ಟಾಪ್’ ಫೋಲ್ಡರಿನಲ್ಲಿ ಇರುವುದನ್ನು ಅಳಿಸಿ, ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಹೊಸದನ್ನು ತಾನೇ ಮಾಡಿಕೊಳ್ಳುತ್ತದೆ.

ಸೇರಿದ ಮೇಲೆ ಒಂದು ನಿಮಿಷಕ್ಕೆ ಕಡಿದರೆ

ಇಲ್ಲಿ ನಿಜಕ್ಕೂ ಅಪ್‌ಡೇಟಿನದೇ ತಪ್ಪು ಇದ್ದ ಉದಾಹರಣೆ ಇದೆ. 2025ರ ಆರಂಭದಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ವಿಂಡೋಸ್ ಸರ್ವರ್ 2016 ಅಥವಾ ಅದಕ್ಕಿಂತ ಹಳೆಯದಕ್ಕೆ ಸೇರಿದವರ ಸಂಪರ್ಕ 65 ಸೆಕೆಂಡಿಗೆ ಕಡಿಯುತ್ತಿತ್ತು. ಡೇಟಾ ಸಾಗಿಸುವ ಎರಡು ವಿಧಾನಗಳಾದ ಯುಡಿಪಿ, ಟಿಸಿಪಿಗಳ ಪೈಕಿ ಯುಡಿಪಿ ಮೂಲಕ ಸೇರಿದಾಗ ಮಾತ್ರ ಹೀಗಾಗುತ್ತಿತ್ತು. ಮಾರ್ಚ್ ಕೊನೆಯ ಅಪ್‌ಡೇಟ್‌ನಲ್ಲಿ ಅದು ಸರಿಯಾಯಿತು. ಇಂಥ ಲಕ್ಷಣ ಕಂಡರೆ ಗ್ರೂಪ್ ಪಾಲಿಸಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಕ್ಲೈಂಟ್ ವಿಭಾಗದ ‘ಟರ್ನ್ ಆಫ್ ಯುಡಿಪಿ ಆನ್ ಕ್ಲೈಂಟ್’ ಅನ್ನು ಎನೇಬಲ್ ಮಾಡಿ, ಟಿಸಿಪಿ ಒಂದರಲ್ಲೇ ನಡೆಸಿ ನೋಡಿ. ತುಸು ನಿಧಾನವಾದರೂ ಕೆಲಸ ನಿಲ್ಲುವುದಿಲ್ಲ. ಅಪ್‌ಡೇಟ್ ತೆಗೆಯಲೇಬೇಕಾದರೆ ಅಪ್‌ಡೇಟ್ ಹಿಸ್ಟರಿಯಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ. ತೆಗೆದ ಬಳಿಕ ಅಪ್‌ಡೇಟ್‌ಗಳನ್ನು ಒಂದು ವಾರ ತಡೆಹಿಡಿಯಿರಿ (‘ಪಾಸ್ ಅಪ್‌ಡೇಟ್ಸ್’), ಇಲ್ಲವಾದರೆ ಅದೇ ರಾತ್ರಿ ಮತ್ತೆ ಬಂದು ಕೂರುತ್ತದೆ.

ಎರಡು ಮಾತು ಗಟ್ಟಿಯಾಗಿ ಹೇಳಬೇಕು

ವಿಂಡೋಸ್ ಹೋಮ್ ಆವೃತ್ತಿಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೊರಗಿನಿಂದ ಸೇರಲು ಬರುವುದಿಲ್ಲ, ಪ್ರೋದಲ್ಲಿ ಒಮ್ಮೆಗೆ ಒಬ್ಬರೇ. ಇದನ್ನು ದಾಟಲು ಕೆಲವರು ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಫೈಲು ನಡೆಯುವಾಗ ಅದರ ಮಿತಿಯನ್ನು ದಾಟಿಸುವ ‘ರ‍್ಯಾಪರ್’ ಹಾಕಿಸಿರುತ್ತಾರೆ, ಒಂದೇ ಕಂಪ್ಯೂಟರಿನಲ್ಲಿ ಮೂರು ಜನ ಟ್ಯಾಲಿ ನಡೆಸಲು. ಅಪ್‌ಡೇಟ್ ಆ ಫೈಲನ್ನು ಬದಲಿಸಿದಾಗ ರ‍್ಯಾಪರ್ ಕೆಡುತ್ತದೆ. ಅದನ್ನು ಸರಿಮಾಡುವ ಫೈಲನ್ನು ಎಲ್ಲಿಂದಲೋ ಇಳಿಸಿಕೊಳ್ಳುವುದು ಅಪಾಯ, ಪರವಾನಗಿಗೂ ವಿರುದ್ಧ. ಹಲವರು ಬಳಸಬೇಕೆಂದರೆ ವಿಂಡೋಸ್ ಸರ್ವರ್, ಅದರ ಜೊತೆ ಬಳಕೆದಾರರಿಗೆ ತಕ್ಕಷ್ಟು ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ತೆಗೆದುಕೊಳ್ಳಿ.

ಹೇಗೂ ಸಿಗುತ್ತಿಲ್ಲವೆಂದು ರೂಟರಿನಲ್ಲಿ 3389 ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ. ಪೋರ್ಟ್ ಸಂಖ್ಯೆ ಬದಲಿಸಿದರೂ ಹುಡುಕುವವರು ಹುಡುಕುತ್ತಾರೆ. 2019ರ ಮೇಯಲ್ಲಿ ‘ಬ್ಲೂಕೀಪ್’ ಎಂಬ ದೋಷ ಹೊರಬಿದ್ದಾಗ, ಪಾಸ್‌ವರ್ಡೇ ಇಲ್ಲದೆ ಇದೇ ದಾರಿಯಿಂದ ಒಳನುಗ್ಗಲು ಸಾಧ್ಯವಿತ್ತು. ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಕೊಡಬೇಕಾಯಿತು. ಊರಿನ ಕೇಬಲ್ ಇಂಟರ್ನೆಟ್ಟಿನಲ್ಲಿ ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ಐಪಿ ಹಂಚಿರುವಲ್ಲಿ ಪೋರ್ಟ್ ತೆರೆದರೂ ಪ್ರಯೋಜನವಿಲ್ಲ. ವೈರ್‌ಗಾರ್ಡ್ ಅಥವಾ ಟೈಲ್‌ಸ್ಕೇಲ್‌ನಂಥ ವಿಪಿಎನ್ ಹಾಕಿ ಅದರೊಳಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಬಳಸಿ. ಟೈಲ್‌ಸ್ಕೇಲ್ ಇಂಥ ಹಂಚಿದ ಐಪಿಯ ಹಿಂದಿನಿಂದಲೂ ಕೆಲಸ ಮಾಡುತ್ತದೆ.

ಮುಂದಿನ ತಿಂಗಳಿಗೆ: ಎರಡನೇ ಮಂಗಳವಾರದ ನಂತರ ಮೊದಲು ನಿಮ್ಮ ಲ್ಯಾಪ್‌ಟಾಪಿಗೆ ಅಪ್‌ಡೇಟ್ ಆಗಲಿ, ಎರಡು ದಿನ ಸಂಪರ್ಕ ಪರೀಕ್ಷಿಸಿ. ಆಮೇಲೆ ಆಫೀಸಿನದಕ್ಕೆ, ಅದೂ ಅಲ್ಲಿ ಜನ ಇರುವಾಗ, ಶನಿವಾರ ಮಧ್ಯಾಹ್ನ ಲೆಕ್ಕ ಮುಗಿಸಿ ಬ್ಯಾಕಪ್ ತೆಗೆದ ಮೇಲೆ. ರೀಸ್ಟಾರ್ಟ್ ಆದ ಮೇಲೆ ಅವರು ಬಾಗಿಲು ಹಾಕುವ ಮೊದಲೇ ನೀವು ದೂರದಿಂದ ಒಮ್ಮೆ ಒಳಹೋಗಿ ನೋಡಿ.