ಚಂದಾ ಪಾವತಿ ಲೈವ್ ಮಾಡುವ ಮುನ್ನ ಎರಡನೇ ತಿಂಗಳನ್ನು ಪರೀಕ್ಷಿಸಿ

ಒಂದು ಬೆಳಿಗ್ಗೆ ಹರಿಹರದಿಂದ ಒಬ್ಬ ತಾಯಿ ಫೋನ್ ಮಾಡಿದರು. "ದುಡ್ಡು ಕಟ್ಟಾಗಿದೆ, ಮಗಳಿಗೆ ಟೆಸ್ಟ್ ಓಪನ್ ಆಗ್ತಿಲ್ಲ" ಅಂದರು. ವಾಟ್ಸ್‌ಆ್ಯಪ್‌ನಲ್ಲಿ ಎರಡು ಸ್ಕ್ರೀನ್‌ಶಾಟ್ ಬಂದವು. ಒಂದು ಬ್ಯಾಂಕಿನ ಎಸ್‌ಎಂಎಸ್: ಖಾತೆಯಿಂದ 149 ರೂಪಾಯಿ ಕಡಿತ. ಇನ್ನೊಂದು ನಮ್ಮದೇ ಆ್ಯಪ್: "ನಿಮ್ಮ ಚಂದಾ ಅವಧಿ ಮುಗಿದಿದೆ."

ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಕೋಣೆ ಹಿಡಿದು, ನಾವು ಮೂವರು ಗೆಳೆಯರು ಪಿಯುಸಿ ಮಕ್ಕಳಿಗೆ ಮಾದರಿ ಪರೀಕ್ಷೆ ಕೊಡುವ ಆ್ಯಪ್ ನಡೆಸುತ್ತೇವೆ. ಲೈವ್ ಮಾಡುವ ಮುಂಚೆ ವಾರಗಟ್ಟಲೆ ಪರೀಕ್ಷಿಸಿದ್ದೆವು. ಆದರೆ ಅದೆಲ್ಲ ಮೊದಲ ತಿಂಗಳ ಪಾವತಿ. ಮೊದಲ ಸಲ ಗ್ರಾಹಕರು ಫೋನ್ ಹಿಡಿದು ಕೂತಿರುತ್ತಾರೆ. ಹಣ ಹೋದ ಕೂಡಲೇ ಅವರ ಬ್ರೌಸರ್ ಮೂಲಕವೇ ನಮಗೆ ಗೊತ್ತಾಗುತ್ತದೆ. ಎರಡನೇ ತಿಂಗಳು ಹಣ ತಾನಾಗಿ ಕಡಿತವಾಗುತ್ತದೆ. ಆಗ ಪರದೆ ಮುಂದೆ ಯಾರೂ ಇರುವುದಿಲ್ಲ. ಚಂದಾ ವ್ಯವಸ್ಥೆ ಎಡವುವುದು ಜಾಸ್ತಿ ಅಲ್ಲೇ.

ಟೆಸ್ಟ್ ಮೋಡ್‌ನಿಂದ ಶುರು ಮಾಡಿ

ರೇಜರ್‌ಪೇ, ಸ್ಟ್ರೈಪ್‌ನಂಥ ಪಾವತಿ ಗೇಟ್‌ವೇಗಳಲ್ಲಿ (ಗ್ರಾಹಕರ ಹಣವನ್ನು ನಮಗೆ ತಲುಪಿಸುವ ಸೇವೆಗಳು) ಟೆಸ್ಟ್, ಲೈವ್ ಎಂದು ಎರಡು ಮೋಡ್ ಇರುತ್ತವೆ. ಎರಡಕ್ಕೂ ಬೇರೆ ಬೇರೆ ಕೀ, ಅಂದರೆ ಗೇಟ್‌ವೇ ನಿಮ್ಮನ್ನು ಗುರುತಿಸುವ ಸಂಕೇತ. ಕೀ ಹೆಸರಿನಲ್ಲೇ ಟೆಸ್ಟ್ ಅಥವಾ ಲೈವ್ ಎಂದಿರುತ್ತದೆ, ಓದಿ ನೋಡಿ. ಟೆಸ್ಟ್ ಮೋಡ್‌ನಲ್ಲಿ ನಿಜವಾದ ಹಣ ಓಡಾಡುವುದಿಲ್ಲ. ನಿಮ್ಮ ಸ್ವಂತ ಕಾರ್ಡ್ ನಂಬರನ್ನು ಅಲ್ಲಿ ಹಾಕಬೇಡಿ. ಸ್ಟ್ರೈಪ್‌ನಲ್ಲಿ 4242 4242 4242 4242 ಎಂಬ ನಂಬರ್ ಹಾಕಿದರೆ ಪಾವತಿ ಯಶಸ್ವಿಯಾಗುತ್ತದೆ. ರೇಜರ್‌ಪೇಯಲ್ಲಿ ಯಶಸ್ಸಿಗೊಂದು, ವೈಫಲ್ಯಕ್ಕೊಂದು ಪರೀಕ್ಷಾ ಯುಪಿಐ ಐಡಿ ಇದೆ.

ಮೊತ್ತವನ್ನು ಎರಡು ಸಲ ನೋಡಿ. ಈ ಗೇಟ್‌ವೇಗಳು ರೂಪಾಯಿಯನ್ನು ಪೈಸೆಯಲ್ಲಿ ಕೇಳುತ್ತವೆ. 149 ರೂಪಾಯಿ ಬೇಕಿದ್ದರೆ 14900 ಎಂದು ಕೊಡಬೇಕು. ಸುಮ್ನೆ 149 ಎಂದು ಕೊಟ್ಟರೆ ಸಿಗುವುದು ಒಂದೂವರೆ ರೂಪಾಯಿಗೂ ಕಡಿಮೆ.

ಮೊದಲ ಪಾವತಿಯನ್ನು ಮೂರು ರೀತಿ ಮಾಡಿ ನೋಡಿ: ಯಶಸ್ವಿಯಾಗಿ, ವಿಫಲವಾಗಿ, ಮತ್ತು ಅರ್ಧಕ್ಕೇ ಬಿಟ್ಟು. ಮೂರನೆಯದು ತುಂಬ ಮುಖ್ಯ. ಜಗಳೂರು ಕಡೆಯ ಹಳ್ಳಿಯಲ್ಲಿ ಒಬ್ಬ ಹುಡುಗ ಪಿನ್ ಹಾಕುವ ಹೊತ್ತಿಗೇ ನೆಟ್‌ವರ್ಕ್ ಹೋಗಬಹುದು ಅಲ್ವಾ? ಆ ಹುಡುಗ ಮತ್ತೆ ಆ್ಯಪ್ ತೆರೆದಾಗ ಏನು ಕಾಣಬೇಕು ಎಂಬುದು ನಿಮಗೆ ಮೊದಲೇ ಗೊತ್ತಿರಬೇಕು.

ಒಂದು ತಿಂಗಳು ಕಾಯಬೇಕಿಲ್ಲ

ಮುಂದಿನ ಕಂತು ನೋಡಲು ಮೂವತ್ತು ದಿನ ಕಾಯಬೇಕಾಗಿಲ್ಲ. ಸ್ಟ್ರೈಪ್‌ನಲ್ಲಿ ಟೆಸ್ಟ್ ಕ್ಲಾಕ್ ಎಂಬ ಸೌಲಭ್ಯವಿದೆ, ಗಡಿಯಾರವನ್ನು ಮುಂದಕ್ಕೆ ಓಡಿಸಿದಂತೆ ದಿನಾಂಕ ಸರಿಸಬಹುದು. ಅದಿಲ್ಲದ ಕಡೆ ತಿಂಗಳ ಬದಲು ವಾರದ ಪ್ಲಾನ್ ಒಂದನ್ನು ಮಾಡಿಟ್ಟುಕೊಳ್ಳಿ. ಜನವರಿ 31ರಂದು ಸೇರಿದವರಿಗೆ ಫೆಬ್ರವರಿಯಲ್ಲಿ ಯಾವ ದಿನ ಕಡಿತವಾಗುತ್ತದೆ, ಮಾರ್ಚ್‌ನಲ್ಲಿ ಮತ್ತೆ 31ಕ್ಕೆ ಬರುತ್ತದೋ 28ರಲ್ಲೇ ನಿಲ್ಲುತ್ತದೋ, ನೋಡಿ. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ (ಜಾಗತಿಕ ಪ್ರಮಾಣ ಸಮಯ) ನಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ. ಒಂದನೇ ತಾರೀಕು ಬೆಳಗಿನ ಜಾವ 3ಕ್ಕೆ ಸೇರಿದವರನ್ನು ಅದು ಹಿಂದಿನ ತಿಂಗಳಿಗೆ ಬರೆದುಕೊಳ್ಳುತ್ತದೆ.

ವೆಬ್‌ಹುಕ್: ನಾವು ಎಡವಿದ ಜಾಗ

ಹಣ ಬಂದಾಗ ಗೇಟ್‌ವೇ ನಮ್ಮ ಸರ್ವರ್‌ಗೆ ತಾನಾಗಿ ಕಳಿಸುವ ಸುದ್ದಿಯೇ ವೆಬ್‌ಹುಕ್. ಎರಡನೇ ತಿಂಗಳಿನಿಂದ ನಮ್ಮ ಆ್ಯಪ್‌ಗೆ ಇದ್ದ ಆಧಾರ ಇದೊಂದೇ. ಈ ಸುದ್ದಿ ಯಾವ ವಿಳಾಸಕ್ಕೆ ಬರಬೇಕು ಎಂಬುದನ್ನು ಟೆಸ್ಟ್ ಮೋಡ್‌ಗೂ ಲೈವ್ ಮೋಡ್‌ಗೂ ಬೇರೆ ಬೇರೆಯಾಗಿ ತುಂಬಬೇಕು. ನಾವು ಟೆಸ್ಟ್‌ನಲ್ಲಿ ತುಂಬಿದ್ದೆವು. ಲೈವ್‌ನಲ್ಲಿ ಆ ಜಾಗ ಖಾಲಿ ಇತ್ತು. ಹರಿಹರದ ಆ ತಾಯಿಯ ಹಣ ಬಂದಿತ್ತು, ಸುದ್ದಿ ಬಂದಿರಲಿಲ್ಲ. ಅವತ್ತು ಮಧ್ಯಾಹ್ನದವರೆಗೆ ಕೂತು ಗೇಟ್‌ವೇ ಪಟ್ಟಿಯನ್ನೂ ನಮ್ಮ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು, ಒಬ್ಬೊಬ್ಬರದೇ ಚಂದಾ ಕೈಯಿಂದ ತೆರೆದೆವು. ಪ್ರತಿಯೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆವು.

ಒಂದೇ ಸುದ್ದಿ ಎರಡು ಸಲ ಬರುವುದೂ ಉಂಟು. ನಿಮ್ಮ ಸರ್ವರ್ ಉತ್ತರ ಕೊಡಲು ತಡ ಮಾಡಿದರೆ ಗೇಟ್‌ವೇ ಮತ್ತೆ ಕಳಿಸುತ್ತದೆ. ಹಾಗಾಗಿ ಬೇಕೆಂದೇ ಒಂದೇ ಸುದ್ದಿಯನ್ನು ಎರಡು ಸಲ ಕಳಿಸಿ ನೋಡಿ. ಚಂದಾ ಎರಡು ತಿಂಗಳು ಮುಂದಕ್ಕೆ ಹೋದರೆ, ಪಾವತಿಯ ಐಡಿ ನೋಡಿ ಎರಡನೆಯದನ್ನು ಬಿಟ್ಟುಬಿಡುವ ಹಾಗೆ ಕೋಡ್ ತಿದ್ದಿ. ಸುದ್ದಿಯ ಜೊತೆ ಬರುವ ಸಹಿಯನ್ನೂ (ಗೇಟ್‌ವೇಯೇ ಕಳಿಸಿದ್ದು ಎಂಬ ಗುರುತು) ತಾಳೆ ನೋಡಬೇಕು. ಇಲ್ಲದಿದ್ದರೆ ಯಾರು ಬೇಕಾದರೂ "ಹಣ ಬಂತು" ಎಂದು ಸುಳ್ಳು ಸುದ್ದಿ ಕಳಿಸಬಹುದು. ತಪ್ಪು ಸಹಿಯ ಒಂದು ಸುದ್ದಿ ಕಳಿಸಿ, ಸರ್ವರ್ ಅದನ್ನು ತಳ್ಳಿಹಾಕುತ್ತದೆಯೇ ನೋಡಿ.

ಖಾತೆಯಲ್ಲಿ ಹಣ ಇಲ್ಲದ ದಿನ

ಚನ್ನಗಿರಿ ಕಡೆ ಅಡಿಕೆ ಮಾರಿದಾಗ, ನಮ್ಮ ಸುತ್ತಮುತ್ತ ಮೆಕ್ಕೆಜೋಳ ಮಾರಿದಾಗ ಖಾತೆಗೆ ದುಡ್ಡು ಬರುತ್ತದೆ. ಎಲ್ಲರಿಗೂ ಒಂದನೇ ತಾರೀಕು ಸಂಬಳವಾಗುವುದಿಲ್ಲ. ಕಂತು ತಪ್ಪಿದ ತಕ್ಷಣ ಮಗುವಿನ ಪಾಠ ಮುಚ್ಚಬಾರದು ಎಂಬುದು ನಮ್ಮ ನಿಲುವು. ಐದು ದಿನ ತೆರೆದಿಡುತ್ತೇವೆ. ನೀವು ಎಷ್ಟು ದಿನ ಇಟ್ಟರೂ ಸರಿ, ಕಂತು ವಿಫಲವಾಗುವ ಪರೀಕ್ಷಾ ಕಾರ್ಡ್ ಬಳಸಿ ಆ ದಿನಗಳನ್ನು ಒಂದೊಂದಾಗಿ ದಾಟಿಸಿ ನೋಡಿ. ಗ್ರಾಹಕರು ನಿಮ್ಮ ಆ್ಯಪ್‌ಗೆ ಬಾರದೆ, ತಮ್ಮ ಯುಪಿಐ ಆ್ಯಪ್‌ನಲ್ಲೇ ಆಟೋಪೇ (ತಾನಾಗಿ ಕಡಿತಕ್ಕೆ ಕೊಟ್ಟ ಒಪ್ಪಿಗೆ) ರದ್ದು ಮಾಡಬಹುದು. ಅದು ನಿಮ್ಮ ಕಡೆ ದಾಖಲಾಗುತ್ತದೆಯೇ, ಅದನ್ನೂ ನೋಡಿಕೊಳ್ಳಿ.

ರಿಸರ್ವ್ ಬ್ಯಾಂಕಿನ ನಿಯಮವೂ ಗೊತ್ತಿರಲಿ. ಕಾರ್ಡ್‌ನಿಂದ ತಾನಾಗಿ ಕಡಿತವಾಗುವ ಪಾವತಿಗಳಿಗೆ ಇದು 2021ರ ಅಕ್ಟೋಬರ್ 1ರಿಂದ ಪೂರ್ತಿಯಾಗಿ ಜಾರಿಯಲ್ಲಿದೆ, ಯುಪಿಐಗೂ ಅನ್ವಯಿಸುತ್ತದೆ. ಮೊದಲ ಸಲ ಗ್ರಾಹಕರು ಒಟಿಪಿ ಅಥವಾ ಪಿನ್ ಕೊಟ್ಟು ಒಪ್ಪಬೇಕು. ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಅವರಿಗೆ ಸೂಚನೆ ಹೋಗಬೇಕು. ಮತ್ತೆ ಮತ್ತೆ ಒಟಿಪಿ ಕೇಳದೆ ಕಡಿತ ಮಾಡುವ ಮಿತಿ 2021ರಲ್ಲಿ 5,000 ರೂಪಾಯಿ ಇತ್ತು, 2022ರಲ್ಲಿ ಅದನ್ನು 15,000ಕ್ಕೆ ಏರಿಸಿದರು. ವಾರ್ಷಿಕ ಪ್ಲಾನ್ ಇದಕ್ಕಿಂತ ದುಬಾರಿ ಇದ್ದರೆ ಪ್ರತಿ ನವೀಕರಣಕ್ಕೂ ಗ್ರಾಹಕರು ಮತ್ತೆ ಒಪ್ಪಬೇಕಾಗಬಹುದು.

ಕೊನೆಗೆ ಸ್ವಂತ ದುಡ್ಡು

ಲೈವ್ ಕೀ ಹಾಕಿ. ಪ್ಲಾನ್‌ಗಳನ್ನು ಲೈವ್‌ನಲ್ಲಿ ಹೊಸದಾಗಿ ಮಾಡಿ, ಟೆಸ್ಟ್‌ನವು ಅಲ್ಲಿಗೆ ತಾವಾಗಿ ಬರುವುದಿಲ್ಲ. ವೆಬ್‌ಹುಕ್ ವಿಳಾಸ ತುಂಬಿ. ಆಮೇಲೆ ಪ್ರಚಾರಕ್ಕೆ ಹೋಗುವ ಮೊದಲು ನೀವೇ ಚಂದಾದಾರರಾಗಿ, ಒಬ್ಬರು ಕಾರ್ಡ್‌ನಲ್ಲಿ, ಇನ್ನೊಬ್ಬರು ಯುಪಿಐನಲ್ಲಿ. ಮೂರನೆಯವರು ಸೇರಿ, ಹಣ ವಾಪಸ್ ಪಡೆದು, ಚಂದಾ ರದ್ದು ಮಾಡಲಿ. ಇಲ್ಲಿ ಮಾತ್ರ ತಿಂಗಳು ಕಾಯಲೇಬೇಕು. ಉಳಿದ ಇಬ್ಬರಿಗೆ ಹಿಂದಿನ ದಿನ ಸೂಚನೆ ಬರಬೇಕು, ಮರುದಿನ ಹಣ ಹೋಗಬೇಕು, ಆ್ಯಪ್ ತೆರೆದೇ ಇರಬೇಕು. ರದ್ದು ಮಾಡಿದವರ ಖಾತೆಯಿಂದ ಒಂದು ಪೈಸೆಯೂ ಹೋಗಬಾರದು.

ನಮ್ಮ ಕೋಣೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಈಗ ಪ್ರತಿ ತಿಂಗಳ 5ಕ್ಕೆ ಕೆಂಪು ಪೆನ್ನಿನ ಸುತ್ತು ಇದೆ. ಅವತ್ತು ನನ್ನ ಖಾತೆಯಿಂದ 149 ರೂಪಾಯಿ ಹೋಗುತ್ತದೆ. ಎಸ್‌ಎಂಎಸ್ ಬಂದ ಮೇಲೆ ಆ್ಯಪ್ ತೆರೆದು, ಒಂದು ಮಾದರಿ ಪರೀಕ್ಷೆ ಶುರುವಾಗುತ್ತದೆಯೇ ನೋಡಿಯೇ ಬೇರೆ ಕೆಲಸಕ್ಕೆ ಹೋಗುತ್ತೇನೆ.