ಗುರುವಿನ ಮೇಲಿನ ಒಂದು ಕ್ಷಣದ ಹೊಳಪಿಗಾಗಿ

ಗುರು ಗ್ರಹಕ್ಕೆ ಸಣ್ಣ ಬಂಡೆಯೊಂದು ಬಡಿದರೆ ನಮಗೆ ಕಾಣುವುದು ಒಂದೆರಡು ಸೆಕೆಂಡಿನ ಹೊಳಪು, ಅಷ್ಟೇ. 1994ರಲ್ಲಿ ಶೂಮೇಕರ್-ಲೆವಿ 9 ಧೂಮಕೇತುವಿನ ತುಂಡುಗಳು ಬಿದ್ದಾಗ ಉಳಿದಂಥ ಕಪ್ಪು ಕಲೆಯೂ ಉಳಿಯುವುದಿಲ್ಲ. 2010ರ ಜೂನ್ 3ರಂದು ಆಸ್ಟ್ರೇಲಿಯಾದ ಆಂಟನಿ ವೆಸ್ಲಿ ಮತ್ತು ಫಿಲಿಪೀನ್ಸ್‌ನ ಕ್ರಿಸ್ಟೋಫರ್ ಗೋ ಒಂದೇ ಹೊಳಪನ್ನು ತಮ್ಮ ತಮ್ಮ ವಿಡಿಯೊಗಳಲ್ಲಿ ಹಿಡಿದರು. ಬಿದ್ದ ಕಾಯದ ಅಗಲ ಅಂದಾಜು 10 ಮೀಟರ್. ಇಬ್ಬರೂ ಹವ್ಯಾಸಿಗಳು ಎಂಬುದೇ ಇಂಥ ಹೊಳಪಿಗಾಗಿ ಗುರುವನ್ನು ಕಾಯುವ ಕೆಲಸಕ್ಕೆ ನನ್ನನ್ನು ಎಳೆಯಿತು.

ಚಿಕ್ಕಬಳ್ಳಾಪುರದ ನಮ್ಮ ತಾರಸಿಯ ಮೇಲೆ ಎಂಟು ಇಂಚಿನ ದೂರದರ್ಶಕ, ಅದಕ್ಕೊಂದು ವಿಡಿಯೊ ಕ್ಯಾಮೆರಾ. ಕಾಂಕ್ರೀಟು ಹಗಲಿನ ಕಾವನ್ನು ರಾತ್ರಿ ಬಿಡುವುದರಿಂದ ಗ್ರಹದ ಬಿಂಬ ನಡುಗುತ್ತದೆ. ಹಾಗಾಗಿ ಸಂಜೆಯೇ ನೀರು ಚೆಲ್ಲಿ ನೆಲ ತಣಿಸುತ್ತೇನೆ.

ಗ್ರಹಗಳ ಚಿತ್ರ ತೆಗೆಯುವವರಲ್ಲಿ ಒಂದು ರೂಢಿಯಿದೆ: ಕೆಲವು ನಿಮಿಷಗಳ ವಿಡಿಯೊದಲ್ಲಿ ಒಳ್ಳೆಯ ಫ್ರೇಮುಗಳನ್ನಷ್ಟೇ ಆರಿಸಿ, ಸರಾಸರಿ ಮಾಡಿ, ಮೂಲವನ್ನು ಅಳಿಸಿಬಿಡುವುದು. ಹೊಳಪು ಇರುವುದು ಸಾವಿರಾರು ಫ್ರೇಮುಗಳ ನಡುವೆ ಬೆರಳೆಣಿಕೆಯಷ್ಟರಲ್ಲಿ. ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ; ಎಷ್ಟು ಹೊಳಪುಗಳು ಹೀಗೆ ಕಸದ ಬುಟ್ಟಿ ಸೇರಿವೆಯೋ! ಇಂಥ ಹೊಳಪುಗಳನ್ನು ವಿಡಿಯೊಗಳಲ್ಲಿ ಹುಡುಕುವ, ಫ್ರಾನ್ಸಿನ ಹವ್ಯಾಸಿ ಮಾರ್ಕ್ ಡೆಲ್ಕ್ರೊವಾ ಅವರ ಯೋಜನೆಯಲ್ಲಿ ಡಿಟೆಕ್ಟ್ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಸೋಸಿ ನೋಡುವವರೆಗೆ ನಾನು ಯಾವ ವಿಡಿಯೊವನ್ನೂ ಅಳಿಸುವುದಿಲ್ಲ. ಅದು ಅನುಮಾನಿಸಿದ ಕಡೆ ಕಣ್ಣಿನಿಂದಲೇ ಪರೀಕ್ಷಿಸುತ್ತೇನೆ. ಒಂದೇ ಫ್ರೇಮಿನಲ್ಲಿ ಚೂಪಾಗಿ ಹೊಳೆದರೆ ಅದು ಕ್ಯಾಮೆರಾಕ್ಕೆ ತಾಗಿದ ಕಾಸ್ಮಿಕ್ ಕಿರಣ, ಅಂದರೆ ಬಾಹ್ಯಾಕಾಶದಿಂದ ಬಂದ ಸೂಕ್ಷ್ಮ ಕಣ. ಸರಿದುಹೋದರೆ ಭೂಮಿಯನ್ನು ಸುತ್ತುವ ಕೃತಕ ಉಪಗ್ರಹ. ನಿಜವಾದ ಬಡಿತದ ಬೆಳಕು ಗ್ರಹದೊಂದಿಗೇ ನಡುಗುತ್ತ ಏರಿ, ಇಳಿದು ಆರುತ್ತದೆ.

ನನಗೆ ಇನ್ನೂ ಅಂಥದ್ದು ಸಿಕ್ಕಿಲ್ಲ. ಆದರೂ ಪ್ರತಿ ಸಲವೂ ಡೆಲ್ಕ್ರೊವಾ ಅವರ ಯೋಜನೆಗೆ ದಾಖಲೆ ಕಳುಹಿಸುತ್ತೇನೆ. ಗುರುವಿಗೆ ವರ್ಷಕ್ಕೆ ಎಷ್ಟು ಬಂಡೆಗಳು ಬಡಿಯುತ್ತವೆ ಎಂದು ಲೆಕ್ಕ ಹಾಕಲು ಕಂಡ ಹೊಳಪುಗಳ ಸಂಖ್ಯೆಯೊಂದೇ ಸಾಲದು. ಎಷ್ಟು ಹೊತ್ತು ನೋಡಿ ಏನೂ ಕಾಣಲಿಲ್ಲ ಎಂಬುದೂ ಬೇಕು. ಈ ಖಾಲಿ ಗಂಟೆಗಳು ನನಗೆ ಬಹಳ ಬೆಲೆಯುಳ್ಳವು. ಗುರು ಮುಂಜಾವಿನಲ್ಲಷ್ಟೇ ಕಾಣುವ ವಾರಗಳಲ್ಲಂತೂ, ಜಪಾನಿನಲ್ಲಿ ಬೆಳಗಾದ ಮೇಲೆ ಯುರೋಪಿನಲ್ಲಿ ಗುರು ಮೂಡುವವರೆಗಿನ ಕಾವಲಿನಲ್ಲಿ ನಮ್ಮ ದೇಶದ್ದು ದೊಡ್ಡ ಪಾಲು. ಮಳೆಗಾಲದ ಮೋಡ ಸರಿದ ಯಾವ ಮುಂಜಾವನ್ನೂ ನಾನು ಬಿಡುವುದಿಲ್ಲ.

ಗೌರಿಬಿದನೂರಿನ ಗೆಳೆಯರೊಬ್ಬರೂ ಇದನ್ನೇ ಮಾಡುತ್ತಾರೆ. ಇಬ್ಬರೂ ಕಂಪ್ಯೂಟರಿನ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿಕೊಂಡೇ ಚಿತ್ರೀಕರಣ ಆರಂಭಿಸುತ್ತೇವೆ. ಒಂದೇ ಕ್ಷಣದ ಹೊಳಪು ಎರಡೂರಿನ ವಿಡಿಯೊಗಳಲ್ಲಿ ಇದ್ದರೆ ಮತ್ತೆ ಅನುಮಾನವಿಲ್ಲ. ಕೋಲಾರ, ತುಮಕೂರಿನ ಹವ್ಯಾಸಿಗಳು ಜೊತೆಯಾದರೆ, ಒಂದೂರಿಗೆ ಮೋಡ ಕವಿದ ರಾತ್ರಿಯಲ್ಲೂ ಇನ್ನೊಂದೂರಿನ ಕ್ಯಾಮೆರಾ ನಡೆಯುತ್ತಿರುತ್ತದೆ.