ಚರಂಡಿ ಬಿಲ್ಲಿನಲ್ಲಿ ಸಿಕ್ಕ ರಾಜಕೀಯ

ನಾನು ಲೆಕ್ಕಪತ್ರದವಳು. ಬೆಂಗಳೂರಿನ ಶ್ರೀನಗರದಲ್ಲಿ ಬಾಡಿಗೆ ಮನೆ, ಹಗಲೆಲ್ಲ ಖಾಸಗಿ ಕಂಪನಿಯೊಂದರ ಜಿಎಸ್‌ಟಿ ಕೆಲಸ, ರಾತ್ರಿ ಹತ್ತರ ಮೇಲೆ ರಾಜಕೀಯ ಬರಹ. ಶುರುವಿನಲ್ಲಿ ಎಲ್ಲರ ಹಾಗೆ ನಾನೂ ದೊಡ್ಡ ದೊಡ್ಡದನ್ನೇ ಬರೆಯುತ್ತಿದ್ದೆ: ದಿಲ್ಲಿ, ಮೈತ್ರಿ, ಜಾತಿ ಲೆಕ್ಕಾಚಾರ, ಮುಂದಿನ ಮುಖ್ಯಮಂತ್ರಿ ಯಾರು. ಹೊಗಳಿದವರೆಲ್ಲ ಮೊದಲೇ ನನ್ನ ಹಾಗೆ ಯೋಚಿಸುತ್ತಿದ್ದವರು. ಬೈದವರು ಓದದೆಯೇ ಬೈದರು. ಸಂಜೆ ಟಿವಿ ಹಾಕಿದರೆ ಪುಕ್ಕಟೆ ಸಿಗುವ ಸರಕನ್ನೇ ನಾನೂ ಹೊತ್ತು ತಿರುಗುತ್ತಿದ್ದೇನೆ ಅಂತ ತಿಳಿಯಲು ಒಂದೂವರೆ ವರ್ಷ ಹಿಡಿಯಿತು.

ದಾರಿ ಬದಲಾದದ್ದು ಪಾಲಿಕೆಗೆ ಸದಸ್ಯರೇ ಇಲ್ಲದ ಕಾಲದಲ್ಲಿ. 2015ರಲ್ಲಿ ಆರಿಸಿ ಬಂದ ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ. ಕಾರ್ಪೊರೇಟರ್ ಇಲ್ಲ, ಸಭೆಯ ಕೂಗಾಟವಿಲ್ಲ, ರಸ್ತೆ ಅಗೆಯುವುದು ಮಾತ್ರ ನಿಲ್ಲಲಿಲ್ಲ. ಹಾಗಾದರೆ ಯಾವ ಬೀದಿಗೆ ದುಡ್ಡು, ಯಾವ ಬೀದಿಗಿಲ್ಲ ಅಂತ ತೀರ್ಮಾನಿಸುವವರು ಯಾರು? ರಾಜಕೀಯ ಅಂದರೆ ಅದೇ ತಾನೆ. ಅದು ಭಾಷಣದಲ್ಲಿಲ್ಲ, ಬಿಲ್ಲಿನಲ್ಲಿದೆ ಅನ್ನಿಸಿತು. ಬಿಲ್ಲು ಓದುವುದಂತೂ ನನ್ನ ಹೊಟ್ಟೆಪಾಡು.

ಮಾಹಿತಿ ಹಕ್ಕಿನ ಅರ್ಜಿ ಬರೆಯುವುದನ್ನು ಎಡವಿ ಎಡವಿಯೇ ಕಲಿತೆ. ಮೊದಲ ಅರ್ಜಿಗಳಲ್ಲಿ 'ಏಕೆ' ಅಂತ ಕೇಳಿದ್ದೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಬಾಧ್ಯತೆ ಯಾರಿಗೂ ಇಲ್ಲ. ಕಡತದಲ್ಲಿ ಏನಿದೆಯೋ ಅದರ ನಕಲು ಕೇಳಬೇಕು, ಅಷ್ಟೆ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ, ನಕಲಿಗೆ ಪುಟಕ್ಕೆ 2 ರೂಪಾಯಿ. ಇಲ್ಲಿ ಕನ್ನಡದ್ದೊಂದು ಉಪಕಾರ ಹೇಳಬೇಕು. ಇಂಗ್ಲಿಷಿನಲ್ಲಿ ಐದು ಪದ ತಿನ್ನುವುದನ್ನು ನಾವು 'ಪಾವತಿಸಲಾಗಿರುವುದಕ್ಕೆ' ಅಂತ ಒಂದರಲ್ಲೇ ಮುಗಿಸುತ್ತೇವೆ. ವಿಭಕ್ತಿ ಪ್ರತ್ಯಯಗಳನ್ನು ಯಾರೂ ಎಣಿಸುವುದಿಲ್ಲ!

ಕೇಳುವುದು ಮೂರೇ ಕಾಗದ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ. ಇಂಜಿನಿಯರುಗಳ ಬಾಯಲ್ಲಿ ಕೊನೆಯದು 'ಎಂಬಿ'. ಜೊತೆಗೆ ಕಾಮಗಾರಿಯ ಜಾಬ್ ನಂಬರ್ ಇರಬೇಕು. ಅದರ ಮೊದಲ ಮೂರು ಅಂಕಿ ವಾರ್ಡು, ಆಮೇಲಿನ ಎರಡು ಅಂಕಿ ಇಸವಿ. ಒಮ್ಮೆ ಸಾಫ್ಟ್ ಕಾಪಿಯೇ ಸಿಕ್ಕಿತು ಅಂತ ಹಿಗ್ಗಿದ್ದೆ. ಹಳೇ ನುಡಿ ಫಾಂಟಿನ ಕಡತ. ಕಾಪಿ ಮಾಡಿ ಅಂಟಿಸಿದರೆ ಅಕ್ಷರದ ಬದಲು ಕೊಂಕು ಚಿಹ್ನೆಗಳ ರಾಶಿ. ಯುನಿಕೋಡಿಗೆ ತಂದ ಮೇಲೂ ಅರ್ಕಾವೊತ್ತುಗಳು ಪಕ್ಕದ ಅಕ್ಷರದ ತಲೆಗೇರಿ ಕೂತಿದ್ದವು. ಎರಡು ಭಾನುವಾರ ಕೂತು ಕೈಯಲ್ಲೇ ತಿದ್ದಿದೆ.

ಈಗ ನಾನು ಮಾಡಿಕೊಂಡ ಎಡವಟ್ಟು. ಒಂದೇ ಅಡ್ಡರಸ್ತೆಯ ಚರಂಡಿಗೆ ಎರಡು ಜಾಬ್ ನಂಬರ್, ಎರಡು ಬಿಲ್ಲು, ಒಂದೇ ಹೆಸರು. 'ಒಂದೇ ಚರಂಡಿಗೆ ಎರಡು ಸಲ ದುಡ್ಡು' ಅಂತ ಬರೆದುಬಿಟ್ಟೆ. ನಾನು ಬರೆದುದರಲ್ಲೆಲ್ಲ ಅತಿ ಹೆಚ್ಚು ಓಡಿದ್ದು ಅದೇ. ಯಾವ್ಯಾವುದೋ ವಾಟ್ಸ್‌ಆ್ಯಪ್ ಗುಂಪು ಸುತ್ತಿ, ಕೊನೆಗೆ ಅತ್ತಿಗೆಯ ಮೂಲಕ ನನಗೇ ವಾಪಸು ಬಂತು. ನಾಲ್ಕನೇ ದಿನ ಆ ರಸ್ತೆಯ ಮೂಲೆಯಲ್ಲಿ ಹೂವು ಮಾರುವ ಅಜ್ಜಿಯ ಹತ್ತಿರ ಜಂಬದಿಂದ ಹೇಳಿಕೊಂಡೆ. ಅಜ್ಜಿ ಮೊಳ ಹಾಕುವುದನ್ನು ನಿಲ್ಲಿಸಲೂ ಇಲ್ಲ. "ಅದ್ಯಾಕವ್ವಾ ಹಂಗಂತೀಯ? ಹೋದ್ ವರ್ಷ ಈ ಪಕ್ಕ ಅಗೆದ್ರು, ಈ ವರ್ಷ ಆ ಪಕ್ಕ. ನಾನು ಎರಡು ಸಲ ಬುಟ್ಟಿ ಎತ್ಕೊಂಡು ಜಾಗ ಬದಲಾಯಿಸಿದ್ದು ನೀನು ನೋಡ್ನಿಲ್ವಾ?"

ನೋಡಿರಲಿಲ್ಲ. ಎಂಬಿ ಕೇಳಿರಲೂ ಇಲ್ಲ. ಆಮೇಲೆ ತರಿಸಿ ನೋಡಿದರೆ ಒಂದರಲ್ಲಿ 'ಎಡಬದಿ', ಇನ್ನೊಂದರಲ್ಲಿ 'ಬಲಬದಿ' ಅಂತ ಸ್ಪಷ್ಟವಾಗಿ ಬರೆದಿತ್ತು. ತಿದ್ದುಪಡಿಯನ್ನು ಬರಹದ ಕೊನೆಯಲ್ಲಿ ಅಲ್ಲ, ನೆತ್ತಿಯ ಮೇಲೇ ಹಾಕಿದೆ. ಅದನ್ನು ಯಾವ ಗುಂಪಿಗೂ ಯಾರೂ ಕಳಿಸಲಿಲ್ಲ. ಅವತ್ತಿನಿಂದ ಎಂಬಿ ಕೈಗೆ ಬರದೆ ಒಂದು ಸಾಲೂ ಹೊರಗೆ ಬಿಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಅಂದರೆ ಹಳೇ ಐಪಿಸಿಯ 499 ಮತ್ತು 500, ಮಾನನಷ್ಟಕ್ಕೆ ಎರಡು ವರ್ಷದವರೆಗೆ ಸಜೆ ಹೇಳುತ್ತದೆ. ಪತ್ರಿಕೆಯಲ್ಲಿರುವವರ ಬೆನ್ನಿಗೆ ಸಂಸ್ಥೆಯ ವಕೀಲರಿರುತ್ತಾರೆ. ನನ್ನ ಬೆನ್ನಿಗಿರುವುದು ಆ ಜೆರಾಕ್ಸ್.

2023ರ ವಿಧಾನಸಭೆ ಚುನಾವಣೆಗೆ ಮುಂಚೆ ಒಬ್ಬರು ಫೋನ್ ಮಾಡಿ, "ಮೇಡಂ, ನೀವು ಬರೀತಿರಿ, ವಿಷಯ ನಾವು ಕೊಡ್ತೀವಿ" ಅಂದರು. ತಿಂಗಳಿಗೆ ಹೇಳಿದ ಮೊತ್ತ ನನ್ನ ಸಂಬಳಕ್ಕಿಂತ ಜಾಸ್ತಿಯಿತ್ತು. ಒಪ್ಪಲಿಲ್ಲ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ನಿಜವಾಗಿ ಹೆದರಿದೆ. ಆ ಚುನಾವಣೆಯಲ್ಲಿ ನಾನು ಮಾಡಿದ್ದು ಅಭ್ಯರ್ಥಿಗಳ 2018ರ ಮತ್ತು 2023ರ ಪ್ರಮಾಣಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದುವ ಕೆಲಸ. ಎಲ್ಲರೂ ಒಟ್ಟು ಆಸ್ತಿ ಎಷ್ಟು ಪಟ್ಟು ಏರಿತು ಅಂತ ಬರೆಯುತ್ತಾರೆ. ಬೆಂಗಳೂರಿನಲ್ಲಿ ಸೈಟಿನ ಬೆಲೆ ಮಲಗಿದ್ದರೂ ಏರುತ್ತದೆ, ಅದರಿಂದ ಏನೂ ತಿಳಿಯದು. ನೋಡಬೇಕಾದದ್ದು ಸಾಲದ ಪಟ್ಟಿ ಮತ್ತು ಹೊಸದಾಗಿ ಸೇರಿದ ಸರ್ವೆ ನಂಬರುಗಳು.

ದುಡ್ಡಿನ ಕಥೆ ಚಿಕ್ಕದು. ಪಿ. ಲಂಕೇಶ್ 1980ರಲ್ಲಿ ಪತ್ರಿಕೆ ಶುರು ಮಾಡಿ ಜಾಹೀರಾತಿಲ್ಲದೆ ಓದುಗರ ಕಾಸಿನಿಂದಲೇ ನಡೆಸಿದರು. ಆಗ ಅಂಗಡಿಯಲ್ಲಿ ಚಿಲ್ಲರೆ ಕೊಟ್ಟ ಮೇಲೇ ಪತ್ರಿಕೆ ಕೈಗೆ ಬರುತ್ತಿತ್ತು. ನನ್ನದು ಓದಿ ಆದ ಮೇಲೆ ಮನಸ್ಸಿದ್ದರೆ ಕೊಡುವ ಯುಪಿಐ. ಬರುವುದೆಲ್ಲ 51, 101. ಮದುವೆ ಮನೆಯ ಮುಯ್ಯಿಯ ಹಾಗೆ. ನಕಲಿನ ಖರ್ಚು, ಆಟೋ ಖರ್ಚು ಹುಟ್ಟುತ್ತದೆ. ಇದನ್ನೇ ನಂಬಿ ಕೆಲಸ ಬಿಡುತ್ತೇನೆ ಅನ್ನುವ ಹುಡುಗರಿಗೆ ಬೇಡ ಅಂತಲೇ ಹೇಳುತ್ತೇನೆ.

ಮುಂದೇನು ಅಂತ ಕೇಳುತ್ತಾರೆ. ಅಭಿಪ್ರಾಯವನ್ನು ಈಗ ಎಐ ಅರ್ಧ ನಿಮಿಷದಲ್ಲಿ ಬರೆದುಕೊಡುತ್ತದೆ, ಯಾವ ಪಕ್ಷಕ್ಕೆ ಬೇಕೋ ಆ ಪಕ್ಷಕ್ಕೆ. ಎಂಬಿಯ ನಕಲು ತರಲು ಮಾತ್ರ ಒಬ್ಬರು ಕಚೇರಿಯ ಮೆಟ್ಟಿಲು ಹತ್ತಬೇಕು. ನನ್ನ ಭಯ ಆ ಮೆಟ್ಟಿಲಿನ ಮೇಲೇ. ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ 2025ರ ನವೆಂಬರಿನಲ್ಲಿ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ), ಅಂದರೆ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಕಲಂ, ಬದಲಾಯಿತು. ಗುತ್ತಿಗೆದಾರನ ಹೆಸರನ್ನೂ 'ವೈಯಕ್ತಿಕ ಮಾಹಿತಿ' ಅಂತ ತಳ್ಳಿಹಾಕಲು ಈಗ ಸಲೀಸು. ಸಾರ್ವಜನಿಕ ಹಿತದ 8(2) ಇನ್ನೂ ಇದೆ, ಮೇಲ್ಮನವಿಯಲ್ಲಿ ಅದನ್ನೇ ಹಿಡಿದು ಜಗ್ಗುತ್ತಿದ್ದೇನೆ. ಇನ್ನೊಂದು ತಲೆನೋವು, ಯಾರೂ ಮಾತಾಡದ್ದು: 198 ಇದ್ದ ವಾರ್ಡುಗಳು ಕಾಗದದ ಮೇಲೆ 243 ಆದವು, ಮತ್ತೆ 225 ಆದವು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಹಳೇ ಜಾಬ್ ನಂಬರಿನ ಮೊದಲ ಮೂರು ಅಂಕಿಗೂ ಇವತ್ತಿನ ವಾರ್ಡಿಗೂ ಸಂಬಂಧವೇ ಇಲ್ಲ. ಹಳೇದು ಯಾವುದು ಹೊಸದರಲ್ಲಿ ಎಲ್ಲಿ ಸೇರಿತು ಅಂತ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬೀದಿ ಬೀದಿಯಾಗಿ ಬರೆದಿಡುತ್ತಿದ್ದೇನೆ.

ಹೋದ ತಿಂಗಳು ಹಿಂದಿನ ರಸ್ತೆಯ ಹೊಸ ಚರಂಡಿಯನ್ನು ನಾನೇ ಅಳೆದೆ. 30 ಮೀಟರಿನ ಟೇಪು, ಮೂರು ಸಲ ಎತ್ತಿಡಬೇಕಾಯಿತು. ಅಜ್ಜಿ ಬಂದು ಟೇಪಿನ ತುದಿಯನ್ನು ಕಾಲಲ್ಲಿ ಮೆಟ್ಟಿ ನಿಂತುಕೊಂಡರು. 84 ಮೀಟರ್ ಬಂತು. ಎಂಬಿಗೆ ಅರ್ಜಿ ಹಾಕಿ ಇವತ್ತಿಗೆ 26 ದಿನ.